ಡ್ರೈನ್ ನಟ್ ಸೋರುತ್ತಿದೆಯಾ, ಬಿದ್ದೇ ಹೋಯ್ತಾ? ಬೈಕಿಗೆ ಸರಿಯಾದ ಪ್ಲಗ್ ಹುಡುಕುವುದು ಹೀಗೆ

ಜನವರಿಯಲ್ಲಿ ಕಣದ ತುಂಬಾ ಕಾಫಿ ಹರಡಿರುತ್ತದೆ. ಆ ಹೊತ್ತಲ್ಲಿ ಕಣದ ಅಂಚಿಗೆ ಬೈಕ್ ತಂದು ನಿಲ್ಲಿಸಿದವನಿಗೆ ಬೈಗುಳ ಗ್ಯಾರಂಟಿ. ನನಗೂ ಬಿತ್ತು. "ಏನೋ ಇದು, ಕಾಫಿಗೆಲ್ಲ ಆಯಿಲ್ ವಾಸನೆ ಹಿಡಿಸ್ತೀಯಾ?" ಅಂತ ಅಮ್ಮ ಕೂಗಿದರು. ಬಗ್ಗಿ ನೋಡಿದೆ. ಇಂಜಿನ್ ಕೆಳಗೆ ಸಿಮೆಂಟಿನ ಮೇಲೆ ಹಳೇ ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ. ಒಲೆ ಬೂದಿ ತಂದು ಅದರ ಮೇಲೆ ಉದುರಿಸಿ ಸುಮ್ನಾದೆ.

ಅದೇ ನಾನು ಮಾಡಿದ ಮೊದಲ ತಪ್ಪು. ಎರಡು ವಾರದೊಳಗೆ ಕೊಡಗಿನ ಸಿದ್ದಾಪುರದಿಂದ ವಿರಾಜಪೇಟೆ ಕಡೆ ಹೋಗುವಾಗ ಡ್ರೈನ್ ನಟ್ ಎಲ್ಲೋ ಬಿದ್ದುಹೋಯಿತು. ಎರಡನೇ ತಪ್ಪು ಹಾರ್ಡ್‌ವೇರ್ ಅಂಗಡಿಯಲ್ಲಿ ಆಯಿತು. ಆ ಕಥೆ ಮುಂದೆ ಬರುತ್ತದೆ.

ಹಳೇ ಆಯಿಲ್ ಇಳಿಸಲು ಇಂಜಿನ್ ತಳದಲ್ಲಿರುವ ತೂತನ್ನು ಮುಚ್ಚುವ ಸಾಮಾನನ್ನು ನಾವೆಲ್ಲ ಡ್ರೈನ್ ನಟ್ ಅನ್ನುತ್ತೇವೆ. ನಿಜಕ್ಕೂ ಅದು ನಟ್ ಅಲ್ಲ, ಗಿಡ್ಡ ಬೋಲ್ಟ್. ಕಂಪನಿ ಪುಸ್ತಕದಲ್ಲಿ ಡ್ರೈನ್ ಪ್ಲಗ್ ಅಂತಲೋ ಡ್ರೈನ್ ಬೋಲ್ಟ್ ಅಂತಲೋ ಇರುತ್ತದೆ. ಪ್ಲಗ್ ಉಕ್ಕಿನದು. ಅದು ಕೂರುವ ಇಂಜಿನ್ ಕೇಸ್ ಅಲ್ಯುಮಿನಿಯಂ. ತಪ್ಪು ಪ್ಲಗ್ಗನ್ನು ಜೋರಾಗಿ ಬಿಗಿದರೆ ಪ್ಲಗ್ಗಿಗೆ ಏನೂ ಆಗುವುದಿಲ್ಲ, ಕೇಸಿನೊಳಗಿನ ಥ್ರೆಡ್, ಅಂದರೆ ತಿರುಪಿನ ಎಳೆ, ಕಿತ್ತು ಬರುತ್ತದೆ. ಚಿಲ್ಲರೆ ಕಾಸಿನ ಸಾಮಾನಿನ ಹುಡುಕಾಟ ಕೊನೆಗೆ ಇಂಜಿನ್ ಇಳಿಸುವ ಖರ್ಚಿಗೆ ಬಂದು ನಿಲ್ಲುವುದು ಹೀಗೆ.

## ಕೈ ಹಾಕುವ ಮುಂಚೆ

ಗಾಡಿ ಓಡಿಸಿ ಬಂದ ತಕ್ಷಣ ಪ್ಲಗ್ ಬಿಚ್ಚಬೇಡಿ. ಆಯಿಲ್ ಕೈ ಸುಡುವಷ್ಟು ಬಿಸಿ ಇರುತ್ತದೆ, ಸೈಲೆನ್ಸರ್ ಅದಕ್ಕಿಂತ ಜಾಸ್ತಿ. ಅರ್ಧ ಗಂಟೆ ಬಿಡಿ. ಮಟ್ಟಸ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ನಮ್ಮಲ್ಲಿ ಮಟ್ಟಸ ಅಂಗಳ ಸಿಗುವುದೇ ಕಷ್ಟ, ಅದಕ್ಕೇ ಕಣದ ಮೇಲೆ ಕಣ್ಣು ಹೋಗುವುದು. ಸೈಡ್ ಸ್ಟ್ಯಾಂಡಲ್ಲಿ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಇನ್ನೊಂದು ವಿಷಯ. ಇಂಜಿನ್ ಕೆಳಗೆ ಸೋರಿದ ಆಯಿಲ್ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಟೈರಿಗೆ ಹತ್ತುತ್ತದೆ. ಟೈರಿನ ಅಂಚು ಮುಟ್ಟಿ ನೋಡಿ. ಜಿಡ್ಡು ಸಿಕ್ಕಿದರೆ ಅಂದು ಆ ಗಾಡಿ ಮನೆಯಲ್ಲೇ ಇರಲಿ. ಸಂಪಾಜೆ ಘಾಟಿಯ ತಿರುವಲ್ಲಿ ಗಾಡಿ ವಾಲಿಸಿದಾಗ ರಸ್ತೆಗೆ ತಾಗುವುದು ಅದೇ ಅಂಚು. ಸೋಪಿನ ನೀರಲ್ಲಿ ಎರಡು ಮೂರು ಸಲ ಉಜ್ಜಿ ತೊಳೆದು, ಒಣಗಿದ ಮೇಲೆ ಮತ್ತೆ ಮುಟ್ಟಿ ನೋಡಿ.

## ಕೆಳಗೆ ಹನಿ ಬೀಳುತ್ತಿದೆ, ಪ್ಲಗ್ ಜಾಗದಲ್ಲೇ ಇದೆ

ಹನಿ ಪ್ಲಗ್ಗಿನ ತುದಿಯಿಂದ ಬೀಳುತ್ತಿದೆ ಅಂದಮಾತ್ರಕ್ಕೆ ಸೋರಿಕೆ ಅಲ್ಲಿಯದೇ ಅಂತಲ್ಲ. ಪ್ಲಗ್ ಇರುವುದು ಇಂಜಿನ್ನಿನ ತಳದಲ್ಲಿ. ಎಲ್ಲಿ ಸೋರಿದರೂ ಆಯಿಲ್ ಇಳಿದು ಬಂದು ತೊಟ್ಟಿಕ್ಕುವುದು ಅಲ್ಲಿಂದಲೇ. ಗೇರ್ ಲಿವರ್ ಸೀಲ್, ಚೈನ್ ಸ್ಪ್ರಾಕೆಟ್ ಹಿಂದಿನ ಸೀಲ್, ಕ್ಲಚ್ ಕವರಿನ ಗ್ಯಾಸ್ಕೆಟ್, ಇವುಗಳಲ್ಲಿ ಯಾವುದಾದರೂ ಇರಬಹುದು. ಚೈನಿಗೆ ಹಾಕಿದ ಆಯಿಲ್ ಸಿಡಿದದ್ದೂ ಇರಬಹುದು.

ಪತ್ತೆಗೆ ಖರ್ಚೇನಿಲ್ಲ. ತಣ್ಣಗಿರುವ ಇಂಜಿನ್ನಿನ ತಳವನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಟಾರ್ಚ್ ಹಾಕಿ ನೋಡಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗಿದೆಯೋ ಸೋರಿಕೆ ಅಲ್ಲಿದೆ. ಪ್ಲಗ್ಗಿನ ತಲೆ ಸುತ್ತ ಬಳೆಯ ಹಾಗೆ ಒದ್ದೆಯಾಗಿ ಮೇಲೆಲ್ಲ ಒಣಗಿದ್ದರೆ ಕಳ್ಳ ಪ್ಲಗ್ಗೇ.

ಮಳೆಗಾಲದಲ್ಲಿ ಈ ಪೌಡರ್ ಉಪಾಯ ನಡೆಯುವುದಿಲ್ಲ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಇಂಜಿನ್ ತಳಕ್ಕೆ ಕೆಂಪು ಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಸೋರಿಕೆಯನ್ನು ಮುಚ್ಚಿಡುತ್ತದೆ. ಆಗ ಗಾಡಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿದೆಯಾ ನೋಡಿ. ಇಲ್ಲವಾದರೆ ಶೆಡ್ಡಿನೊಳಗೆ ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ.

ಪ್ಲಗ್ಗೇ ಅಂತ ಖಾತ್ರಿಯಾದರೆ ಮೊದಲು ವಾಷರ್ ಬದಲಿಸಿ, ಪ್ಲಗ್ಗನ್ನಲ್ಲ. ಥ್ರೆಡ್ ಆಯಿಲನ್ನು ತಡೆಯುವುದಿಲ್ಲ, ಪ್ಲಗ್ಗನ್ನು ಹಿಡಿದಿಡುತ್ತದೆ ಅಷ್ಟೇ. ತಡೆಯುವುದು ವಾಷರ್. ಅಲ್ಯುಮಿನಿಯಂ ವಾಷರ್ ಒಂದು ಸಲ ಬಿಗಿದರೆ ಅಪ್ಪಚ್ಚಿಯಾಗಿ ಜಾಗ ಹಿಡಿದುಕೊಳ್ಳುತ್ತದೆ, ಎರಡನೇ ಸಲಕ್ಕೆ ಅದೇ ಹಿಡಿತ ಬರುವುದಿಲ್ಲ. ತಾಮ್ರದ್ದಾದರೆ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಇನ್ನೊಂದು ಸಲ ನಡೆಯುತ್ತದೆ. ಅಲ್ಯುಮಿನಿಯಂ ಮೇಲೆ ಈ ಪ್ರಯೋಗ ಬೇಡ, ಕರಗಿಹೋದೀತು. ವಾಷರಿನ ಒಳತೂತು ಪ್ಲಗ್ಗಿನ ಥ್ರೆಡ್ಡಿಗೆ ಸರಿಯಾಗಿರಲಿ. 12 ಎಂಎಂ ಪ್ಲಗ್ಗಿಗೆ 14 ಎಂಎಂ ವಾಷರ್ ಹಾಕಿದರೆ ಅದು ಪಕ್ಕಕ್ಕೆ ಜಾರಿ ಕೂರುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಬಿಚ್ಚುವಾಗ ಹಳೇ ವಾಷರ್ ಕೇಸಿಗೇ ಅಂಟಿಕೊಂಡಿದೆಯಾ ಅಂತ ಉಗುರಿನಿಂದ ಕೆರೆದು ನೋಡಿ. ಎರಡು ವಾಷರ್ ಒಂದರ ಮೇಲೊಂದು ಕೂತು ಸೋರುವ ಗಾಡಿಗಳು ಬೇಕಾದಷ್ಟಿವೆ.

ಹೊಸ ವಾಷರ್ ಹಾಕಿದ ಮೇಲೂ ಒದ್ದೆ ಬಂದರೆ ಅದು ಕೂರುವ ಮುಖದ ಮೇಲೆ ಬೆರಳಾಡಿಸಿ. ಗೀರು, ಕಲ್ಲೇಟಿನ ಗುಳಿ ಸಿಕ್ಕರೆ ಕಾರಣ ಅದೇ. ತೋಟದ ದಾರಿಯಲ್ಲಿ ಓಡಾಡುವ ಗಾಡಿಗಳಿಗೆ ಇದು ಮಾಮೂಲು. ತೂತಿನಿಂದ ಕೂದಲೆಳೆಯಂಥ ಗೆರೆ ಹೊರಟಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಕೇಸ್ ಬಿರುಕು ಬಿಟ್ಟಿದೆ. ಬಿಗಿದಷ್ಟೂ ಬಿರುಕು ಅಗಲವಾಗುತ್ತದೆ. ಅದು ಅಲ್ಯುಮಿನಿಯಂ ವೆಲ್ಡಿಂಗ್ ಗೊತ್ತಿರುವವರ ಕೆಲಸ.

## ಪ್ಲಗ್ ಬಿದ್ದೇ ಹೋಗಿದೆ

ಕಾಲಿಗೆ ಬಿಸಿ ಆಯಿಲ್ ಸಿಡಿದದ್ದೋ, ಇಂಜಿನ್ ಸದ್ದು ಒರಟಾದದ್ದೋ, ಹಿಂದೆ ಬರುತ್ತಿದ್ದವರು ಹಾರ್ನ್ ಹೊಡೆದದ್ದೋ, ಹೇಗೆ ಗೊತ್ತಾದರೂ ಕೂಡಲೇ ಇಂಜಿನ್ ಆಫ್ ಮಾಡಿ. "ಮುಂದಿನ ಊರು ಎರಡೇ ಕಿಲೋಮೀಟರ್" ಅನ್ನಬೇಡಿ. ಸಣ್ಣ ಬೈಕುಗಳಲ್ಲಿ ಇರುವ ಆಯಿಲ್ ಒಂದು ಲೀಟರ್ ಆಸುಪಾಸು. ಅದು ಖಾಲಿಯಾಗಲು ತುಂಬಾ ಹೊತ್ತು ಬೇಡ. ಸಣ್ಣ ಗಾಡಿಗಳಲ್ಲಿ ಆಯಿಲ್ ಲೈಟ್ ಇರುವುದೂ ಅಪರೂಪ, ಯಾರೂ ಎಚ್ಚರಿಸುವುದಿಲ್ಲ. ಕಡ್ಡಿ ಕೆತ್ತಿ ತೂತಿಗೆ ಬೆಣೆ ಹೊಡೆದು ಓಡಿಸುವವರನ್ನೂ ನೋಡಿದ್ದೇನೆ. ಬೆಣೆ ಹೊಡೆದು ಗಾಡಿಯನ್ನು ಪಿಕಪ್‌ಗೆ ಏರಿಸಿ, ಸರಿ. ಸ್ಟಾರ್ಟ್ ಮಾತ್ರ ಮಾಡಬೇಡಿ.

ಇನ್ನು ಹುಡುಕಾಟ. ಸುಲಭದ ದಾರಿ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ ಕಂಪನಿ ಬಿಡಿಭಾಗದ ಅಂಗಡಿಯಲ್ಲಿ ಕೇಳುವುದು. ಪಾರ್ಟ್ ನಂಬರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಕೆಲವು ನಂಬರಿನಲ್ಲೇ ಅಳತೆ ಅಡಗಿರುತ್ತದೆ. ಹೋಂಡಾ ಪಟ್ಟಿಯಲ್ಲಿ 92800-12000 ಅಂದರೆ 12 ಎಂಎಂ ಡ್ರೈನ್ ಪ್ಲಗ್, ಅದರ ವಾಷರ್ 94109-12000. ಎರಡರಲ್ಲೂ ಆ 12 ಕಾಣಿಸುತ್ತಿದೆ, ಅಲ್ವಾ?

ಆದರೆ ಭಾನುವಾರ ಆಗಿರುತ್ತದೆ, ಅಥವಾ ಗಾಡಿ ಹಳೆಯದಾಗಿರುತ್ತದೆ. ಆಗ ನಾವು ಹೋಗುವುದು ಹಾರ್ಡ್‌ವೇರ್ ಅಂಗಡಿಗೆ. ನಾನೂ ಹೋದೆ. "ಅಣ್ಣ, 17ರ ಬೋಲ್ಟ್ ಕೊಡಿ" ಅಂದೆ. ಆಯಿಲ್ ಬದಲಿಸುವಾಗ 17ರ ಸ್ಪ್ಯಾನರ್ ಹಾಕಿದ ನೆನಪಿತ್ತು. ಅವರು ಕೊಟ್ಟ ಬೋಲ್ಟಿಗೆ 17ರ ಸ್ಪ್ಯಾನರ್ ಚೆನ್ನಾಗಿಯೇ ಕೂತಿತು. ಮನೆಗೆ ತಂದು ತೂತಿಗೆ ಹಿಡಿದರೆ, ಬಾವಿಗೆ ಕೊಡಪಾನ ಇಳಿದ ಹಾಗೆ ಎಲ್ಲೂ ತಾಗದೆ ಒಳಗೆ ಹೋಯಿತು. ಯಾಕೆಂದರೆ 17 ಅನ್ನುವುದು ತಲೆಯ ಅಳತೆ. ಹಾರ್ಡ್‌ವೇರ್ ಅಂಗಡಿಯ ಬೋಲ್ಟುಗಳಲ್ಲಿ 17ರ ತಲೆ ಇರುವುದು ಸಾಮಾನ್ಯವಾಗಿ 10 ಎಂಎಂ ದಪ್ಪದ್ದಕ್ಕೆ. ನನ್ನ ಗಾಡಿಯ ಪ್ಲಗ್ಗಿಗೂ 17ರ ತಲೆಯೇ, ಆದರೆ ಥ್ರೆಡ್ 12. ಪ್ಲಗ್ ಮಾಡುವವರು ತಲೆಯನ್ನು ತಮಗೆ ಬೇಕಾದ ಅಳತೆಗೆ ಇಟ್ಟುಕೊಳ್ಳುತ್ತಾರೆ. ಸ್ಪ್ಯಾನರ್ ನಂಬರ್ ಹಿಡಿದು ಪ್ಲಗ್ ಹುಡುಕುವುದು, ಟೋಪಿ ನೋಡಿ ಚಪ್ಪಲಿ ಅಳತೆ ಹೇಳಿದ ಹಾಗೆ.

ಬೇಕಾಗಿರುವುದು ಥ್ರೆಡ್ಡಿನ ದಪ್ಪ, ಪಿಚ್, ತಲೆ ಕೆಳಗಿನ ಉದ್ದ. ಪಿಚ್ ಅಂದರೆ ಒಂದು ಎಳೆಯ ತುದಿಯಿಂದ ಪಕ್ಕದ ಎಳೆಯ ತುದಿಗಿರುವ ದೂರ. ಎಂ12×1.5 ಅಂತ ಬರೆದಿದ್ದರೆ 12 ಎಂಎಂ ದಪ್ಪ, 1.5 ಎಂಎಂ ಪಿಚ್. ಬೈಕುಗಳ ಡ್ರೈನ್ ಪ್ಲಗ್ಗುಗಳಲ್ಲಿ ಎಂ12×1.5 ಮತ್ತು ಎಂ14×1.5 ತುಂಬಾ ಸಾಮಾನ್ಯ. ಆದರೆ ಸಾಮಾನ್ಯ ಅಂತ ಹೇಳಿ ಅಳೆಯದೆ ಇರಬೇಡಿ.

ಹಳೇ ಪ್ಲಗ್ ಕೈಯಲ್ಲಿದ್ದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಥ್ರೆಡ್ಡಿನ ಹೊರಮೈ ಅಳೆಯಿರಿ. 12ರ ಪ್ಲಗ್ 11.8 ಅಥವಾ 11.9 ತೋರಿಸುತ್ತದೆ, 14ರದ್ದು 13.8 ಆಸುಪಾಸು. ಸವೆದಿದೆ ಅಂದುಕೊಳ್ಳಬೇಡಿ, ಹೊಸದರಲ್ಲೂ ಅಷ್ಟೇ. ಪ್ಲಗ್ ಕಳೆದಿದ್ದರೆ ಕ್ಯಾಲಿಪರಿನ ಒಳದವಡೆಯಿಂದ ತೂತು ಅಳೆಯಿರಿ. 10.4ರಿಂದ 10.6 ಬಂದರೆ ಎಂ12×1.5 ಆಗಿರುವ ಸಾಧ್ಯತೆ ಜಾಸ್ತಿ. 12.4ರಿಂದ 12.6 ಬಂದರೆ ಎಂ14×1.5. ತೂತು ಥ್ರೆಡ್ಡಿನ ಹೆಸರಿಗಿಂತ ಸುಮಾರು ಒಂದೂವರೆ ಎಂಎಂ ಚಿಕ್ಕದಾಗಿ ಕಾಣುತ್ತದೆ ಅನ್ನುವುದು ನೆನಪಿರಲಿ.

ಪಿಚ್ ಅಳೆಯಲು ಗೇಜ್ ಬೇಕು ಅನ್ನುತ್ತಾರೆ. ಒಂದು ಟೀ ವಡೆ ದುಡ್ಡಲ್ಲಿ ಗೇಜ್ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾದಾ ಮೆಟ್ರಿಕ್ ಬೋಲ್ಟ್ ನಾಲ್ಕು ತನ್ನಿ: 6, 8, 10, 12 ಎಂಎಂ. ಸಾದಾ ಥ್ರೆಡ್ಡಿನಲ್ಲಿ ಇವುಗಳ ಪಿಚ್ ಕ್ರಮವಾಗಿ 1, 1.25, 1.5, 1.75. ನಿಮ್ಮ ಪ್ಲಗ್ಗನ್ನು ಒಂದೊಂದರ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ಎಳೆಗಳು ಒಂದರೊಳಗೊಂದು ಕೂತು ನಡುವೆ ಬೆಳಕು ಕಾಣದಿದ್ದರೆ ಪಿಚ್ ಅದೇ. 10ರ ಸಾದಾ ಬೋಲ್ಟಿನ ಜೊತೆ ಕೂತರೆ 1.5. ಹಳೇ ಸ್ಪಾರ್ಕ್ ಪ್ಲಗ್ ಇದ್ದರೆ ಅದೂ ಗೇಜೇ. 12 ಮತ್ತು 14 ಎಂಎಂ ಸ್ಪಾರ್ಕ್ ಪ್ಲಗ್ಗುಗಳ ಪಿಚ್ 1.25, ಸಣ್ಣ 10 ಎಂಎಂ ಪ್ಲಗ್ಗಿನದು 1.

ಪ್ಲಗ್ಗೇ ಇಲ್ಲದಿದ್ದರೆ? ನಾನು ಮಾಡಿದ್ದು ಹೀಗೆ. ತೋಟದಲ್ಲಿ ಸಿಲ್ವರ್ ಓಕ್ ಕಡ್ಡಿ ಬೇಕಾದಷ್ಟು. ಒಣಗಿದ ಒಂದನ್ನು ದುಂಡಗೆ ಕೆತ್ತಿ, ತೂತಿಗಿಂತ ಕೂದಲೆಳೆಯಷ್ಟು ದಪ್ಪ ಉಳಿಸಿದೆ. ಅದನ್ನು ಒತ್ತಿ ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದೆ. ಕಡ್ಡಿಯ ಮೈಮೇಲೆ ಎಳೆಯ ಗುರುತು ಸಾಲಾಗಿ ಮೂಡಿತ್ತು. ಸ್ಕೇಲ್ ಇಟ್ಟು ಆರು ಸಂದಿ ಅಳೆದೆ, 9 ಎಂಎಂ ಬಂತು. ಆರರಿಂದ ಭಾಗಿಸಿದರೆ 1.5. ಅದೇ 7.5 ಬಂದಿದ್ದರೆ 1.25 ಆಗುತ್ತಿತ್ತು. ಒಂದೇ ಸಂದಿ ಅಳೆಯಲು ಹೋದರೆ ಕಣ್ಣು ಮೋಸ ಮಾಡುತ್ತದೆ, ಆರು ಅಳೆದು ಭಾಗಿಸಿ. ಕಡ್ಡಿಯ ಸಿಬಿರು ಒಳಗುಳಿಯದಂತೆ ಆಮೇಲೆ ಸ್ವಲ್ಪ ಆಯಿಲ್ ಮೇಲಿಂದ ಸುರಿದು ತೂತಿನಿಂದ ಹರಿಯಲು ಬಿಡಿ.

ನಮ್ಮ ಕಡೆಯದೇ ಒಂದು ವಿಶೇಷ ಅಪಾಯ ಇದೆ. ಫೆಬ್ರವರಿ, ಮಾರ್ಚಲ್ಲಿ ಕಾಫಿಗೆ ಹೂಮಳೆ ಕೊಡಲು ಸ್ಪ್ರಿಂಕ್ಲರ್ ಜೋಡಿಸುತ್ತೇವೆ. ಪಂಪ್‌ಸೆಟ್ ಶೆಡ್ಡಲ್ಲಿ ಪೈಪಿನ ಪ್ಲಗ್ಗುಗಳು ಡಬ್ಬಿಗಟ್ಟಲೆ ಬಿದ್ದಿರುತ್ತವೆ. ಅದರಲ್ಲಿ ಕಾಲು ಇಂಚಿನ ಪೈಪ್ ಪ್ಲಗ್ ಥೇಟ್ ಡ್ರೈನ್ ಪ್ಲಗ್ಗಿನಂತೆ ಕಾಣುತ್ತದೆ. ಕಾಲು ಇಂಚು ಅನ್ನುವುದು ಪೈಪಿನ ಒಳಗಿನ ಲೆಕ್ಕ, ಥ್ರೆಡ್ಡಿನ ಹೊರಮೈ 13.16 ಎಂಎಂ. 14ರ ತೂತಿಗೆ ಹಿಡಿದರೆ ಎಳೆ ಸಿಕ್ಕಿಕೊಂಡು ತಿರುಗತೊಡಗುತ್ತದೆ. "ಕೂತುಬಿಡ್ತು" ಅನಿಸುತ್ತದೆ. ಆದರೆ ಅದಕ್ಕೆ ಇಂಚಿಗೆ 19 ಎಳೆ, ಅಂದರೆ ಪಿಚ್ 1.34. ಎಳೆಯ ಕೋನವೂ ಬೇರೆ, ಮೆಟ್ರಿಕ್ಕಿನ 60 ಡಿಗ್ರಿ ಎಲ್ಲಿ, ಅದರ 55 ಎಲ್ಲಿ. ಮೂರು ನಾಲ್ಕು ಸುತ್ತಿಗೆ ಎಳೆ ತಪ್ಪಿ ಬಿಗಿಯುತ್ತದೆ. ಮೇಲೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದರೆ ಸೋರಿಕೆ ಕೆಲವು ದಿನ ನಿಲ್ಲಲೂಬಹುದು. ಒಳಗಿನ ಅಲ್ಯುಮಿನಿಯಂ ಎಳೆ ಅಷ್ಟರಲ್ಲಿ ಪುಡಿಯಾಗಿರುತ್ತದೆ.

ಅಂಗಡಿಯವರು ನೂಲಿನ ಲೆಕ್ಕದಲ್ಲಿ ಮಾತಾಡಿದರೂ ಹುಷಾರು. ನಾಲ್ಕು ನೂಲು ಅಂದರೆ ಅರ್ಧ ಇಂಚು, 12.7 ಎಂಎಂ. ಅದು 12 ಅಲ್ಲ.

ಹಳೇ ಗಾಡಿಗಳ ಮಾತು ಬೇರೆ. ಹಳೇ ಕ್ಯಾಸ್ಟ್ ಐರನ್ ಬುಲೆಟ್‌ಗಳಲ್ಲಿ ಇಂಚಿನ ಥ್ರೆಡ್ ಬಹಳ. ಇಂಜಿನ್, ಗೇರ್‌ಬಾಕ್ಸ್, ಪ್ರೈಮರಿ ಚೈನ್ ಕೇಸ್ ಮೂರಕ್ಕೂ ಬೇರೆ ಬೇರೆ ಆಯಿಲ್, ಹಾಗಾಗಿ ಪ್ಲಗ್ ಒಂದಲ್ಲ. ಯಾವುದು ಕಳೆದಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹಳೇ ಯೆಜ್ಡಿ, ಜಾವಾ ಇರುವವರಿಗೆ ಇನ್ನೊಂದು ಮಾತು. ಅದು ಟೂ ಸ್ಟ್ರೋಕ್, ಇಂಜಿನ್ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಹೋಗುತ್ತದೆ. ಕೆಳಗೆ ಹನಿಯುತ್ತಿದ್ದರೆ ಅದು ಗೇರ್‌ಬಾಕ್ಸ್ ಆಯಿಲ್, ಬೇಕಿರುವುದು ಅಲ್ಲಿನ ಪ್ಲಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ, ಆ ಗಾಡಿಗಳ ಸಾಮಾನಿಗೆ ನಮ್ಮವರು ಇಂದಿಗೂ ಮೊದಲು ಕೇಳುವುದು ಮೈಸೂರಲ್ಲೇ.

ಕೆಲವು ಇಂಜಿನ್ನುಗಳ ತಳದಲ್ಲಿ ದೊಡ್ಡ ತಲೆಯ ಮುಚ್ಚಳ ಇದ್ದು, ಅದರ ಹಿಂದೆ ಸ್ಪ್ರಿಂಗ್ ಮತ್ತು ಜಾಲರಿ ಇರುತ್ತದೆ. ಅದು ಬಿದ್ದಿದ್ದರೆ ಪ್ಲಗ್ ಒಂದನ್ನೇ ತಂದು ಮುಚ್ಚಬೇಡಿ. ಸ್ಪ್ರಿಂಗ್, ಜಾಲರಿ, ರಬ್ಬರ್ ರಿಂಗ್ ಎಲ್ಲ ಸೆಟ್ ಆಗಿ ಬೇಕು.

## ಎರಡು ಸುತ್ತು ಸಲೀಸು, ಆಮೇಲೆ ಗಟ್ಟಿ

ನನ್ನ ಎರಡನೇ ತಪ್ಪು ಇದು. 17ರದ್ದು ತೂತಿನಲ್ಲಿ ಜಾರಿದ ಮೇಲೆ ವಾಪಸ್ ಹೋಗಿ "ಒಂದು ಸೈಜ್ ದೊಡ್ಡದು ಕೊಡಿ" ಅಂದೆ. ಕೊಟ್ಟರು, 12 ಎಂಎಂ. ದಪ್ಪ ಸರಿ. ಬೆರಳಲ್ಲಿ ಎರಡು ಸುತ್ತು ಹೋಯಿತು. ಖುಷಿಯಾಯಿತು. ಮೂರನೇ ಸುತ್ತಿಗೆ ಗಟ್ಟಿ. ಸ್ಪ್ಯಾನರ್ ಹಾಕಿದೆ. ಅರ್ಧ ಸುತ್ತಿಗೆ ಕಿರ್ ಅಂದಿತು. ಬಿಚ್ಚಿ ನೋಡಿದರೆ ಬೋಲ್ಟಿನ ಎಳೆಯ ಸಂದಿಯಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಸುರುಳಿ. ನನ್ನ ಇಂಜಿನ್ ಕೇಸ್ ಅದು.

ಹಾರ್ಡ್‌ವೇರ್ ಅಂಗಡಿಯ ಸಾದಾ 12ರ ಬೋಲ್ಟಿನ ಪಿಚ್ 1.75. ತೂತಿನದು 1.5. ಮೊದಲೆರಡು ಸುತ್ತಿನಲ್ಲಿ ವ್ಯತ್ಯಾಸ ಕಮ್ಮಿ, ಹಾಗಾಗಿ ಹೋಗುತ್ತದೆ. ಸುತ್ತು ಜಾಸ್ತಿಯಾದಂತೆ ವ್ಯತ್ಯಾಸ ಕೂಡುತ್ತಾ ಬಂದು ಸಿಕ್ಕಿಬೀಳುತ್ತದೆ. ಸರಿಯಾದ ಪ್ಲಗ್ ಆದರೆ ಬೆರಳಲ್ಲೇ ವಾಷರ್ ತಾಗುವವರೆಗೂ ಹೋಗಬೇಕು. ಸ್ಪ್ಯಾನರ್ ಕೆಲಸ ಕೊನೆಯ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ಮಾತ್ರ.

ಸರಿಯಾದ ಪ್ಲಗ್ಗೇ ಆಗಿದ್ದು ಗಟ್ಟಿಯಾದರೆ ಓರೆಯಾಗಿ ಕೂತಿರಬಹುದು, ಅಥವಾ ಎಳೆಯಲ್ಲಿ ಮರಳಿರಬಹುದು. ಪೂರ್ತಿ ಬಿಚ್ಚಿ. ಬಟ್ಟೆಯಲ್ಲಿ ಒರೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆ ಕ್ಲೀನ್ ಮಾಡಿ. ಮತ್ತೆ ಹಿಡಿದು ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಟಕ್ ಅಂತ ಎಳೆ ಇಳಿದ ಅನುಭವ ಕೈಗೆ ಸಿಗುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ನೆಟ್ಟಗೆ ಹೋಗುತ್ತದೆ.

ದಿಕ್ಕು ಅಂದಾಗ ನೆನಪಾಯಿತು. ಪ್ಲಗ್ಗಿನ ತಲೆಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ, ಎದುರು ದಿಕ್ಕಿಗೆ ಸಡಿಲ. ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಮೇಲಿನಿಂದ ಕೈ ಇಳಿಬಿಟ್ಟರೆ ಇದು ಉಲ್ಟಾ ಕಾಣುತ್ತದೆ. ಬಿಚ್ಚುತ್ತೇನೆ ಅಂದುಕೊಂಡು ಬಿಗಿದು ಥ್ರೆಡ್ ಕಳೆದವರು ಹೊಸಬರಷ್ಟೇ ಅಲ್ಲ.

## ತಿರುಗುತ್ತಲೇ ಇದೆ, ಬಿಗಿಯಾಗುವುದೇ ಇಲ್ಲ

ಒಳಗಿನ ಎಳೆ ಹೋಗಿದೆ. ಪ್ಲಗ್ ಬದಲಿಸಿ ಇನ್ನು ಪ್ರಯೋಜನ ಇಲ್ಲ. ಒಂದು ಸಣ್ಣ ಪರೀಕ್ಷೆ ಮಾತ್ರ ಮಾಡಿ. ತೂತಿನೊಳಗೆ ಟಾರ್ಚ್ ಹಾಕಿ ನೋಡಿ. ಬಾಯಿಯ ಹತ್ತಿರದ ಎರಡು ಮೂರು ಎಳೆ ಹೋಗಿ ಒಳಗಿನವು ಚೆನ್ನಾಗಿದ್ದರೆ, ಅದೇ ದಪ್ಪ ಮತ್ತು ಪಿಚ್‌ನ ಸ್ವಲ್ಪ ಉದ್ದದ ಪ್ಲಗ್ ಅಲ್ಲಿಗೆ ಹಿಡಿಯಬಹುದು. ಉದ್ದ ಎಷ್ಟು ಸಾಧ್ಯ ಅಂತ ಮುಂದಿನ ಭಾಗ ಓದಿಯೇ ಮುಂದುವರಿಯಿರಿ.

ಪೂರ್ತಿ ಹೋಗಿದ್ದರೆ ಲೇತ್ ಅಂಗಡಿಗೆ ಹೋಗಬೇಕು. ಅಲ್ಲಿ ಎರಡು ದಾರಿ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಎಳೆ ಕೊರೆದು, ಉಕ್ಕಿನ ತಂತಿಯ ಸುರುಳಿಯನ್ನೋ ಬುಷ್ಷನ್ನೋ ಕೂರಿಸುವುದು ಒಂದು. ಆಗ ಕಂಪನಿಯ ಮೂಲ ಪ್ಲಗ್ಗೇ ಮತ್ತೆ ಕೂರುತ್ತದೆ. ನನ್ನ ಓಟು ಇದಕ್ಕೆ, ನನ್ನ ಗಾಡಿಗೂ ಮಾಡಿಸಿದ್ದು ಇದನ್ನೇ. ಇನ್ನೊಂದು, 12ರ ತೂತನ್ನು 14ಕ್ಕೆ ಏರಿಸಿ ದೊಡ್ಡ ಪ್ಲಗ್ ಹಾಕುವುದು. ತೂತಿನ ಸುತ್ತ ದಪ್ಪ ಗೋಡೆ ಇದ್ದರೆ ಮಾತ್ರ ಇದು ಸರಿ. 14ರ ವಾಷರ್ ಕೂರುವಷ್ಟು ಸಮತಟ್ಟಾದ ಜಾಗ ಇದೆಯಾ ಅಂತ ಕೊರೆಯುವ ಮುಂಚೆ ವಾಷರ್ ಇಟ್ಟು ನೋಡಲು ಹೇಳಿ.

ತಾನೇ ಎಳೆ ಕೊರೆದುಕೊಂಡು ಹೋಗುವ ಓವರ್‌ಸೈಜ್ ಪ್ಲಗ್ಗುಗಳೂ ಸಿಗುತ್ತವೆ. ನನಗೆ ಅವುಗಳ ಮೇಲೆ ನಂಬಿಕೆ ಕಮ್ಮಿ. ಓರೆಯಾಗಿ ಕೊರೆದರೆ ವಾಷರ್ ಒಂದು ಕಡೆ ಮಾತ್ರ ತಾಗುತ್ತದೆ, ಮುಂದೆ ಲೇತಿನವರಿಗೂ ಕೆಲಸ ಕಷ್ಟ. ಎಂ-ಸೀಲ್ ಮೆತ್ತಿ ಮುಚ್ಚಿದ ಪ್ಲಗ್ ಮನೆಯಿಂದ ಗ್ಯಾರೇಜಿಗೆ ತಳ್ಳಿಕೊಂಡು ಹೋಗಲು ಸಾಕು, ಓಡಿಸಲು ಅಲ್ಲ.

ಯಾವ ದಾರಿಯಾದರೂ ಕೊರೆದ ಪುಡಿಯ ಬಗ್ಗೆ ಬಾಯಿಬಿಟ್ಟು ಕೇಳಿ. ಎಳೆ ಕೊರೆಯುವ ಟ್ಯಾಪ್ ಅನ್ನುವ ಉಪಕರಣಕ್ಕೆ ಗ್ರೀಸ್ ಹಚ್ಚಿಕೊಂಡು ಕೊರೆದರೆ ಪುಡಿ ಅದಕ್ಕೆ ಅಂಟುತ್ತದೆ. ಅಲ್ಯುಮಿನಿಯಂ ಚೂರನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದ್ದರಿಂದ ಮ್ಯಾಗ್ನೆಟ್ ಆಡಿಸಿ ಕ್ಲೀನ್ ಆಯ್ತು ಅನ್ನಬೇಡಿ. ಕೆಲಸ ಮುಗಿದ ಮೇಲೆ ಪ್ಲಗ್ ಹಾಕದೆ ಅರ್ಧ ಲೀಟರ್ ಆಯಿಲ್ ಮೇಲಿಂದ ಸುರಿದು ತೊಳೆಯಿರಿ. ಆಗ ಇಂಜಿನ್ ಸ್ಟಾರ್ಟ್ ಮಾಡುವುದು ಬೇಡ.

## ಪ್ಲಗ್ ಕೂತಿತು, ಆದರೆ ತಲೆ ಕೆಳಗೆ ಸಂದಿ ಉಳಿದಿದೆ

ಉದ್ದ ಜಾಸ್ತಿಯಾಗಿದೆ. ತುದಿ ಒಳಗೆ ಯಾವುದಕ್ಕೋ ತಾಗಿ ನಿಂತಿದೆ. ಇನ್ನೂ ಬಿಗಿದರೆ ಕೇಸ್ ಒಡೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಉದ್ದದ ಪ್ಲಗ್ಗಿನ ತುದಿ ಗೇರಿಗೇ ತಾಗಬಹುದು. ಹಾಗಾಗಿ ಹಳೇ ಪ್ಲಗ್ಗಿನ ಉದ್ದವನ್ನು ತಲೆಯ ಕೆಳಗಿನಿಂದ ತುದಿವರೆಗೆ ಅಳೆದು ಅಷ್ಟೇ ಇರುವುದನ್ನು ತನ್ನಿ. ಹಳೆಯದು ಇಲ್ಲದಿದ್ದರೆ ಅಂಗಡಿಯಲ್ಲಿ ಕಂಪನಿ ಪ್ಲಗ್ ಕೇಳಿ, ಉದ್ದ ಊಹಿಸಬೇಡಿ. ತೀರಾ ಗಿಡ್ಡವೂ ಬೇಡ. ಮೂರು ನಾಲ್ಕು ಎಳೆಯಲ್ಲಿ ನಿಂತ ಪ್ಲಗ್, ಎಳೆಗಳನ್ನೂ ಕಿತ್ತುಕೊಂಡೇ ಬರುತ್ತದೆ.

ಬೆಣೆ ಹಾಗೆ ತುದಿ ಸಣ್ಣಗಾಗುವ ಥ್ರೆಡ್ ಇರುವ ಪೈಪ್ ಪ್ಲಗ್ಗಲ್ಲೂ ತಲೆ ಕೆಳಗೆ ಸಂದಿ ಉಳಿಯುತ್ತದೆ. ಅದನ್ನು ಬಿಗಿದಷ್ಟೂ ತೂತು ಹಿಗ್ಗುತ್ತದೆ. ಕೂಡಲೇ ತೆಗೆಯಿರಿ.

## ಪ್ಲಗ್ ಬಿಚ್ಚುತ್ತಲೇ ಇಲ್ಲ, ತಲೆ ದುಂಡಗಾಗಿದೆ

ಓಪನ್ ಸ್ಪ್ಯಾನರ್ ಹಾಕಿ ಹಾಕಿ ಮೂಲೆ ಸವೆದಿರುತ್ತದೆ. ಆರು ಮೂಲೆಯ ಸಾಕೆಟ್ ತಂದು ಒಂದು ಸಲ ಪ್ರಯತ್ನಿಸಿ. ಇಂಜಿನ್ ಬೆಚ್ಚಗಿದ್ದರೆ ಸುಲಭ. ಆಗದಿದ್ದರೆ ಗ್ಯಾರೇಜಿಗೆ ಬಿಡಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಡಿ, ಏಟು ತಪ್ಪಿದರೆ ತಾಗುವುದು ಕೇಸಿಗೆ.

## ಬಿಗಿಯುವಾಗ

ಎಷ್ಟು ಬಿಗಿಯಬೇಕು ಅಂತ ನಿಮ್ಮ ಗಾಡಿಯ ಪುಸ್ತಕದಲ್ಲಿದೆ. 12 ಮತ್ತು 14ರ ಪ್ಲಗ್ಗುಗಳಿಗೆ ಹೆಚ್ಚಾಗಿ 20ರಿಂದ 30 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದವರಿಗೆ ಒಂದು ಅಂದಾಜು ಹೇಳುತ್ತೇನೆ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಹನ್ನೆರಡೂವರೆ ಕೆಜಿ ತೂಕ ಬಿದ್ದರೆ ಸುಮಾರು 25 ನ್ಯೂಟನ್ ಮೀಟರ್. 50 ಕೆಜಿ ಕಾಫಿ ಮೂಟೆಯ ಕಾಲುಭಾಗ ಅದು, ಅಷ್ಟೇ. ಕಾಲಿಟ್ಟು ತುಳಿಯುವುದು, ಸ್ಪ್ಯಾನರಿಗೆ ಪೈಪ್ ಸೇರಿಸುವುದು ಬೇಡವೇ ಬೇಡ.

ಹಳೇ ಪ್ಲಗ್ಗಿನ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಹೊಸದರಲ್ಲೂ ಇರಲಿ. ಅದಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ, ಮಾಮೂಲು ಸವೆತ. ಉಗುರಿಗೆ ಸಿಗುವಂಥ ಚೂರು ಅಂಟಿದ್ದರೆ ಪ್ಲಗ್ ವಿಷಯ ಬದಿಗಿಟ್ಟು ಮೆಕ್ಯಾನಿಕ್‌ಗೆ ಆ ಚೂರನ್ನೇ ತೋರಿಸಿ.

ಟ್ಯಾಪೆಟ್ ಮುಚ್ಚಳ, ಆಯಿಲ್ ತುಂಬುವ ಮುಚ್ಚಳಕ್ಕೂ ಇದೇ ಅಳತೆಯ ದಾರಿ ನಡೆಯುತ್ತದೆ. ಸ್ಪಾರ್ಕ್ ಪ್ಲಗ್ ಮಾತ್ರ ಥ್ರೆಡ್ ಕೂತಿತು ಅಂತ ಹಾಕಬೇಡಿ. ಅದರ ಥ್ರೆಡ್ಡಿನ ಉದ್ದ ಮತ್ತು ಶಾಖದ ನಂಬರ್ ಎರಡೂ ಸರಿ ಇರಬೇಕು. ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ಹೊಡೆಯಬಹುದು.

ಇಳಿಸಿದ ಹಳೇ ಆಯಿಲನ್ನು ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ. ತೋಡಿಗೆ ಸುರಿದದ್ದು ಕಾವೇರಿಗೇ ಹೋಗುವುದು.

ಹೊಸ ಆಯಿಲ್ ತುಂಬಿ, ಐದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಮಟ್ಟ ನೋಡಿ. ಪ್ಲಗ್ಗಿನ ಸುತ್ತ ಒಣ ಬೆರಳಾಡಿಸಿ. ರಾತ್ರಿ ರಟ್ಟು ಹಾಸಿಡಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಸ್ಪ್ಯಾನರ್ ಹಾಕಿ ಸಡಿಲವಾಗಿದೆಯಾ ಅಂತ ನೋಡಿ, ಆದರೆ ಮತ್ತೆ ಎಳೆದು ಬಿಗಿಯಬೇಡಿ. ನನ್ನ ರಟ್ಟು ಮೂರು ಬೆಳಗ್ಗೆ ಒಣಗಿಯೇ ಇತ್ತು. ನಾಲ್ಕನೇ ದಿನ ಅಮ್ಮ ಅದನ್ನು ಒಲೆಗೆ ಹಾಕಿದರು. ಬೈಕ್ ಮಾತ್ರ ಇನ್ನೂ ಕಣದಿಂದ ಆಚೆಗೇ ನಿಲ್ಲುತ್ತಿದೆ.